ಎಡಕ್ಕೆ ಅಂಟಿಕೊಂಡ ಅಂಕಿ

ಎರಡು ವರ್ಷದ ಹಿಂದಿನ ಮಾತು. ಆಗ ನನಗೆ ಅರವತ್ತೊಂಬತ್ತು. ತ್ರಾಸಿ ಹತ್ತಿರದ ನಮ್ಮೂರಲ್ಲಿ ಹೊಸ ಮೀನು ಮಾರ್ಕೆಟ್ ಕಟ್ಟಿದ್ದರು. ಕೂರುವ ಕಟ್ಟೆ ಕಡಿಮೆ, ಮಾರುವ ಹೆಂಗಸರು ಹೆಚ್ಚು. ಹೆಚ್ಚು ವರ್ಷ ಮೀನು ಮಾರಿದವರಿಗೆ ಮೊದಲು ಕಟ್ಟೆ ಎಂದು ಸಮಿತಿಯವರು ಹೇಳಿದರು. ನಾನು ಚಿಂತೆ ಮಾಡಲಿಲ್ಲ. ನನಗಿಂತ ಹಳಬರು ಯಾರೂ ಬದುಕಿಲ್ಲ. ಆದರೆ ಕಾಲಿನ ಮಂಡಿ ಹೋಗಿದೆ. ಬುಟ್ಟಿ ಹೊತ್ತು ತಿರುಗಲು ಆಗುವುದಿಲ್ಲ. ಕಟ್ಟೆ ಸಿಕ್ಕಿದರೆ ಮಾತ್ರ ವ್ಯಾಪಾರ.

ಸಮಿತಿಯ ಹುಡುಗಿ ಸುಮಿತ್ರಾ ಎಲ್ಲರ ಲೆಕ್ಕವನ್ನೂ ಇಂಗ್ಲಿಷ್ ಅಂಕಿಯಲ್ಲಿ ಕಂಪ್ಯೂಟರಿಗೆ ಹಾಕುತ್ತಿದ್ದಳು. ಹೊತ್ತು ಮಾರಿದ ವರ್ಷ ಒಂದು ಕಡೆ, ಕೂತು ಮಾರಿದ ವರ್ಷ ಇನ್ನೊಂದು ಕಡೆ. ಕೂಡಿಸುವುದು ಕಂಪ್ಯೂಟರೇ ಅಂತೆ. ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಓದಲು ಬರುವುದು ಕನ್ನಡ ಅಂಕಿ ಮಾತ್ರ.

"ನಂದ್ ಕನ್ನಡದಗೇ ಬರಿ ಹೆಣೆ, ನಾನೇ ಕಂಡ್ಕಂತೆ" ಎಂದೆ. ನನ್ನದನ್ನು ಕನ್ನಡ ಅಂಕಿಯಲ್ಲೇ ಬರೆದಳು. ಕಂಡೆ. ಸರಿಯಿತ್ತು.

ಹಂಚುವ ದಿನ ಹೆಸರು ಕೂಗುತ್ತಾ ಹೋದರು. ಕಟ್ಟೆ ಮುಗಿಯಿತು, ನನ್ನ ಹೆಸರು ಬರಲಿಲ್ಲ.

"ಹ್ವಾಯ್, ನನ್ ಹೆಸ್ರ್ ಎಲ್ಲಿತ್?"

"ಪಟ್ಟಿ ಕಡಿಗಿತ್ ಅಜ್ಜಿ. ಒಟ್ಟು ಸೊನ್ನೆ ಬಂದಿತ್" ಎಂದಳು ಸುಮಿತ್ರಾ.

"ಸೊನ್ನೆಯಾ? ಹಂಗಾರೆ ಇಷ್ಟ್ ವರ್ಷ ನಾನ್ ಮಾರದ್ದ್ ಎಂತ, ಗಾಳಿಯಾ?"

"ಅಜ್ಜಿ ನಿನ್ನೆ ಹುಟ್ಟದ್ ಕಾಣತ್" ಎಂದು ಗುಲಾಬಿ ನಕ್ಕಳು. ಮೀನು ಕೊಯ್ಯಲು ನನ್ನ ಹತ್ತಿರವೇ ಕಲಿತವಳು. ಅವಳಿಗೆ ಬಾಗಿಲ ಪಕ್ಕದ ಕಟ್ಟೆ ಸಿಕ್ಕಿತ್ತು.

ಸುಮಿತ್ರಾ ಕೂಡಿಸುವ ಸೂತ್ರ ಅಳಿಸಿ ಮತ್ತೆ ಹಾಕಿದಳು. ಮತ್ತೆ ಸೊನ್ನೆ. ಬೇರೆಯವರ ಸಾಲಿನ ಸೂತ್ರವನ್ನೇ ತಂದು ಹಾಕಿದಳು. ಆಗಲೂ ಸೊನ್ನೆ. ಪರದೆಗೆ ಮುಖ ಹತ್ತಿರ ತಂದು ಒಂದೊಂದೇ ಸಾಲು ನೋಡಿದಳು.

"ಅಜ್ಜಿ, ಎಲ್ಲರ ಅಂಕಿ ಬಲಕ್ಕ್ ಕೂತಿತ್, ನಿಮ್ದ್ ಎಡಕ್ಕ್ ಅಂಟ್ಕಂಡಿತ್ ಕಾಣಿ. ಕನ್ನಡ ಅಂಕಿನ ಈ ಕಂಪ್ಯೂಟರ್ ಅಕ್ಷರ ಅಂದ್ಹೇಳಿ ಎಣ್ಸಿತ್. ಕೂಡ್ಸಲೇ ಇಲ್ಲ."

ಇಂಗ್ಲಿಷ್ ಅಂಕಿ ಒತ್ತಿದಳು. ಕೂಡಲೇ ಒಟ್ಟು ಬಂತು. ನನಗೆ ಓದಲು ಆಗಲಿಲ್ಲ. ಐವತ್ತೊಂದು ಎಂದು ಅವಳೇ ಓದಿ ಹೇಳಿದಳು. ನನ್ನ ಹೆಸರು ಎಲ್ಲರಿಗಿಂತ ಮೇಲೆ ಹೋಯಿತು.

ಸಮಿತಿಯ ಅಧ್ಯಕ್ಷರು ಮಾತ್ರ ಆಗುವುದಿಲ್ಲ ಎಂದು ತಲೆ ಆಡಿಸಿದರು. "ಕಟ್ಟೆ ಕೊಟ್ಟಾಯ್ತ್ ಅಜ್ಜಿ. ಕೂತವ್ರನ್ನ ಎಬ್ಸುಕೆ ಆತಿಲ್ಲ. ಮುಂದ್ ಯಾರಾರೂ ಬಿಟ್ರೆ ಕಾಂಬ."

"ಬಿಡುದಂದ್ರೆ ಎಂತ, ಸಾಯುದಾ? ಮೊದ್ಲ್ ಸಾಯುದ್ ನಾನೇ ಅಲ್ದಾ?"

ಗುಲಾಬಿ ನೆಲ ನೋಡಿದಳು, ಏಳಲಿಲ್ಲ.

ಅಂಕಿ ಸರಿಯಾಯಿತು, ಕಟ್ಟೆ ಇವತ್ತಿಗೂ ಸಿಕ್ಕಿಲ್ಲ. ಇನ್ನು ಸಿಗುತ್ತದೆ ಎಂದು ನಾನು ಕಾಯುವುದೂ ಇಲ್ಲ.

ಕಟ್ಟೆ ಹಂಚಿದ ಮರುದಿನ ಬೆಳಿಗ್ಗೆ ಮಂಡಿಗೆ ಹಳೆ ಸೀರೆಯ ತುಂಡು ಬಿಗಿದುಕೊಂಡೆ. ಅರ್ಧ ಬುಟ್ಟಿ ಬಂಗುಡೆ ಹೊತ್ತು ಮೊದಲ ಮನೆಯ ಮೆಟ್ಟಿಲ ಕೆಳಗೆ ನಿಂತು, ಹತ್ತಲಾಗದೆ, ಅಲ್ಲಿಂದಲೇ ಕೂಗಿದೆ: "ಮೀನ್ ಬೇಕಾ?"