ತಾಳೆಗರಿಗೆ ಹಚ್ಚಿದ ಮಸಿಯ ಕುರಿತು

ನಿವೃತ್ತ ಶಿಕ್ಷಕನಾದ ನಾನು ಬೋವಿಕಾನದ ಸಮೀಪದ ನಮ್ಮ ಗ್ರಂಥಾಲಯದ ಕಾರ್ಯದರ್ಶಿಯಾಗಿ ಇದುವರೆಗೆ ಬರೆದಿರುವುದೆಲ್ಲವೂ ಅರ್ಜಿ ಮತ್ತು ವರದಿಗಳೇ ಆಗಿರುವುದರಿಂದ, ಈ ನೆನಪೂ ಅದೇ ಧಾಟಿಯಲ್ಲಿ ಬಂದರೆ ಓದುಗರು ಮನ್ನಿಸಬೇಕಾಗಿ ವಿನಂತಿ.

ಊರಿನ ಹಿರಿಯ ಅರ್ಚಕರೊಬ್ಬರ ಮನೆಯಲ್ಲಿ ಐದು ಕಟ್ಟು ತಾಳೆಗರಿಗಳಿದ್ದವು. ಅವುಗಳ ಚಿತ್ರ ತೆಗೆದು ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುವಂತೆ ಮಾಡಲು ಅನುದಾನ ನೀಡುವ ಯೋಜನೆಯೊಂದಕ್ಕೆ ನಾವು ಅರ್ಜಿ ಸಲ್ಲಿಸಿದ್ದೆವು. ಮೊದಲ ಕಟ್ಟಿನ ಚಿತ್ರಗಳನ್ನು ಮಾದರಿಯಾಗಿ ಕಳುಹಿಸಬೇಕು. ಅವು ನಿಗದಿತ ತಾಂತ್ರಿಕ ಮಾನದಂಡಕ್ಕೆ ಅನುಗುಣವಾಗಿದ್ದರೆ ಮಾತ್ರ ಉಳಿದ ನಾಲ್ಕಕ್ಕೆ ಅನುದಾನ. ಗರಿಗಳ ಅಂಚು ಆಗಲೇ ಪುಡಿಯಾಗತೊಡಗಿದ್ದುದರಿಂದ ಇನ್ನೊಂದು ಮಳೆಗಾಲ ಕಾಯುವ ಸ್ಥಿತಿ ಇರಲಿಲ್ಲ.

ಪ್ರತಿ ಗರಿಯ ಪಕ್ಕದಲ್ಲಿ ಬಣ್ಣ ಹೋಲಿಸುವ ಪಟ್ಟಿ ಮತ್ತು ಅಳತೆಪಟ್ಟಿ ಇಟ್ಟು ಚಿತ್ರ ತೆಗೆದು, ಗಾತ್ರ ಕುಗ್ಗಿಸದ ಫೈಲುಗಳನ್ನೇ ಕಳುಹಿಸಿದೆ. ಬಳಿಕ ಮಾರ್ಗಸೂಚಿಯನ್ನು ಪುನಃ ಓದುವಾಗ ಒಂದು ಷರತ್ತು ಕಣ್ಣಿಗೆ ಬಿತ್ತು: ವಸ್ತುವನ್ನು ದೊರೆತ ಸ್ಥಿತಿಯಲ್ಲಿಯೇ ಚಿತ್ರೀಕರಿಸತಕ್ಕದ್ದು. ನಾವಾದರೋ ಕ್ಯಾಮೆರಾ ಇಡುವ ಮೊದಲೇ ಇಡೀ ಕಟ್ಟಿಗೆ ದೀಪದ ಮಸಿ ಹಚ್ಚಿ ಒರೆಸಿದ್ದೆವು. ಕೊರೆದ ಅಕ್ಷರ ಕಪ್ಪಾಗಿ ಎದ್ದು ಕಾಣಲೆಂದು ಅರ್ಚಕರ ಮನೆಯಲ್ಲಿ ತಲೆಮಾರುಗಳಿಂದ ನಡೆದುಬಂದ ಕ್ರಮವದು. ಹಚ್ಚಿದ್ದನ್ನು ತೆಗೆಯುವುದು ಸಾಧ್ಯವಿರಲಿಲ್ಲ.

ವಿಷಯ ತಿಳಿಸಿದಾಗ ಅರ್ಚಕರು, “ಮಸಿ ಹಚ್ಚದೆ ಗರಿ ಓದಿದವರು ಯಾರುಂಟು ಮಾಷ್ಟ್ರೆ? ಅವರಿಗೆ ಅಕ್ಷರ ಬೇಕಾ, ಬರೀ ಗರಿ ಸಾಕಾ?” ಎಂದರು.

ಮುಚ್ಚಿಡಲು ಮನಸ್ಸಾಗಲಿಲ್ಲ. ಕಾಗದದಲ್ಲಿ ನಾಲ್ಕು ಬಾರಿ ಕರಡು ಬರೆದು ಹರಿದು, ಕೊನೆಗೆ ತಪ್ಪನ್ನು ಒಪ್ಪಿಕೊಂಡು ಇಮೇಲ್ ಕಳುಹಿಸಿದೆ. ಅನಂತರದ ಎಂಟು ದಿನ ಫೋನು ಸದ್ದಾದಾಗಲೆಲ್ಲ ಕೈಕೆಲಸ ಬಿಟ್ಟು ಓಡುತ್ತಿದ್ದೆ. ಒಂಬತ್ತನೆಯ ದಿನ ನಾನು ಅರ್ಚಕರ ಜಗಲಿಯಲ್ಲಿದ್ದಾಗ ಯೋಜನೆಯ ಅಧಿಕಾರಿಣಿಯವರ ಕರೆ ಬಂತು.

“ಮಸಿ ಹಚ್ಚಿದ್ದಕ್ಕಿಂತ, ಹಚ್ಚಿದ್ದನ್ನು ಬರೆಯದೆ ಬಿಟ್ಟದ್ದು ದೋಷ ಸರ್. ವಿವರಪಟ್ಟಿಯಲ್ಲಿ ‘ಮಾಡಿದ ಉಪಚಾರ’ ಅಂತ ಕಾಲಂ ಉಂಟಲ್ಲ, ಖಾಲಿ ಬಿಟ್ಟಿದ್ದೀರಿ. ಯಾವ ಎಣ್ಣೆಯ ಮಸಿ, ಹೇಗೆ ಒರೆಸಿದ್ದು, ತುಂಬಿಸಿ ಕಳಿಸಿ. ಮಾದರಿ ಪಾಸಾಗ್ತದೆ. ಉಳಿದ ಕಟ್ಟುಗಳನ್ನು ಮೊದಲು ಹಾಗೆಯೇ ತೆಗೆಯಿರಿ, ಮಸಿ ಹಚ್ಚಿ ಇನ್ನೊಮ್ಮೆ ತೆಗೆಯಿರಿ.”

ಧನ್ಯವಾದವನ್ನು ಎರಡು ಬಾರಿ ಸಮರ್ಪಿಸಿದೆನೆಂದು ನೆನಪು. ಫೋನು ಇಟ್ಟವನು ಮೆಟ್ಟಿಲಿನ ಮೇಲೆ ಕುಳಿತೆ.

“ಎಂತ ಹೇಳಿದರು?” ಎಂದು ಅರ್ಚಕರು ಕೇಳಿದರು.

“ನಿಮ್ಮ ಮಸಿಗೂ ಒಂದು ಕಾಲಂ ಉಂಟಂತೆ.”

“ಹಾಗಾದರೆ ಎಳ್ಳೆಣ್ಣೆ ಅಂತ ಸರಿಯಾಗಿ ಬರೀರಿ ಮಾರಾಯ್ರೆ. ತೆಂಗಿನೆಣ್ಣೆ ಅಂತ ಬರೆದು ನನ್ನ ಮರ್ಯಾದೆ ತೆಗೀಬೇಡಿ.”

ಸದರಿ ಕಾಲಮನ್ನು ಅಲ್ಲಿಯೇ ಕುಳಿತು, ಅವರು ಹೇಳಿದಂತೆಯೇ ತುಂಬಿದೆ. ಅಂದು ಮಧ್ಯಾಹ್ನ ಅವರ ಮನೆಯಲ್ಲಿ ಎರಡು ಬಾರಿ ಸಾರು ಹಾಕಿಸಿಕೊಂಡು ಉಂಡೆನೆಂಬುದನ್ನೂ ಇಲ್ಲಿ ದಾಖಲಿಸುತ್ತೇನೆ.