ತಂಪಿಗಂತ ಬಿಚ್ಚಿಸಿದ ಸೀರಿ

ಬ್ಯಾಸಗಿಗೆ ಸವಣೂರಾಗ ಮಗಳ ಮನಿಗೆ ಹೋಗಿದ್ದೆ. ತಗಡಿನ ಮನಿ, ಮಧ್ಯಾಹ್ನ ರೊಟ್ಟಿ ಹಂಚಿನಂಗ ಕಾಯ್ತಿತ್ತು. ಮಗಳು ಹೊಲಿಗಿ ಕೆಲಸಕ್ಕ ಹೋದಳಂದ್ರ ನಾನು ಬಜಾರದ ಸೀರಿ ಅಂಗಡಿ ಸೇರತಿದ್ದೆ. ಒಳಗ ಏಸಿ, ಮೆತ್ತನ್ನ ಗಾದಿ, ಕುಡಿಯಾಕ ತಣ್ಣೀರು. ಸುಮ್ನ ಯಾಕ ಕುಂತಾಳ ಈ ಮುದುಕಿ ಅನ್ನಬಾರದಂತ ದಿನಾ ಅದ ನೇರಳಿ ಬಣ್ಣದ ರೇಷ್ಮಿ ಸೀರಿ ಬಿಚ್ಚಸತಿದ್ದೆ.

“ಸೆರಗು ಸಣ್ಣದಾತಲ್ಲೋ ತಮ್ಮಾ.”

“ನಿನ್ನೆನೂ ಅಷ್ಟ ಇತ್ತಲ್ರಿ ಅವ್ವಾರ!” ಅಂತ ಅಂಗಡ್ಯಾಂವ ನಕ್ಕೋತ ಮಡಚತಿದ್ದ. ಅಂಥಾ ಸುಖದ ಮಧ್ಯಾಹ್ನ ನನ್ನ ಜನ್ಮದಾಗ ಕಂಡಿದ್ದಿಲ್ಲ.

ಊರಿಗೆ ಹೊರಡೂ ದಿನ ಮಗಳು ಉಡಿ ತುಂಬಿದಳು. ನೋಡಿದರ ಅದ ನೇರಳಿ ಸೀರಿ!

“ಅಂಗಡ್ಯಾಂವ ಎಲ್ಲಾ ಹೇಳಿದ ಬೇ. ಅಷ್ಟು ಮನಸ್ಸಿತ್ತಂದ್ರ ನನಗೊಂದು ಮಾತು ಅನಬಾರದೇನು?” ಅಂತ ಕಣ್ಣೊರಸಿಕೊಂಡಳು.

ಸೀರಿಗೆ ಸುರದದ್ದು ಕೂಲರ್ ತರಾಕಂತ ಆಕಿ ಕೂಡಿಟ್ಟಿದ್ದ ರೊಕ್ಕ. ನಾನು ತಂಪಿಗಂತ ಹೋಗಿದ್ನವ್ವಾ ಅನ್ನೂದು ಬಿಟ್ಟು, ತಲಿ ತಗ್ಗಿಸಿ ಆಕಿ ಮುಂದನ ಉಟ್ಟುಕೊಂಡೆ.

ರೇಷ್ಮಿ ನೋಡ್ರಿ, ಬಸ್ಸು ನಮ್ಮೂರು ಚಿಕ್ಕೇರೂರು ಮುಟ್ಟೂತನಕಾ ಬೆವತೆ. ಬಾಜೂ ಕುಂತಾಕಿ ಕೇಳಿದ್ದಕ್ಕ, ಬಿಸಲು ಭಾಳ ಐತಿ ಅಂದೆ.