ಆನಂದತೀರ್ಥರು ಓದಿದ ಬಜೆಟ್ಟು

ರಾಣೆಬೆನ್ನೂರಿನ ಲೆಕ್ಕಪರಿಶೋಧಕ ಆನಂದತೀರ್ಥರು ಹೆಸರಾದದ್ದು ಒಂದು ಸಹಿ ಹಾಕದೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರ ಸಂಘವೊಂದು ನಷ್ಟವನ್ನೇ ಲಾಭವೆಂದು ಬರೆದು ತಂದಿತ್ತು. ಸಂಘದವರು ಮೊದಲು ಕೈಮುಗಿದರು, ಆಮೇಲೆ ಬೆದರಿಸಿದರು. ಇವರು ಜಗ್ಗಲಿಲ್ಲ. ವರ್ಷದೊಳಗೆ ಅರ್ಧ ಗಿರಾಕಿಗಳು ಬಿಟ್ಟುಹೋದರು. ಪೇಪರಿನಲ್ಲಿ ಮಾತ್ರ ಫೋಟೊ ಬಂತು.

ಆ ಫೋಟೊ ನೋಡಿಯೇ ಆಳುವ ಪಕ್ಷದವರು ಮನೆ ಹುಡುಕಿಕೊಂಡು ಬಂದರು. ಹಗರಣಗಳಿಂದ ಹೈರಾಣಾಗಿದ್ದ ಸರಕಾರಕ್ಕೆ ಕಳಂಕವಿಲ್ಲದ ಹೆಸರೊಂದು ಬೇಕಿತ್ತು. ವಿಧಾನ ಪರಿಷತ್ತಿಗೆ ಆರಿಸಿ, ಐವತ್ತೆಂಟನೆಯ ವಯಸ್ಸಿಗೆ ಅವರನ್ನು ಹಣಕಾಸು ಮಂತ್ರಿ ಮಾಡಿದರು. "ಇನ್ನರ ಲೆಕ್ಕ ನೆಟ್ಟಗಾಗ್ತದ ನೋಡು," ಎಂದು ಹೆಂಡತಿ ಮೇಧಾಗೆ ಹೇಳಿ ಹೊರಟಿದ್ದರು.

ಮೊದಲ ಬಜೆಟ್ಟಿನ ಮುಂಜಾನೆ ಭಾಷಣದಲ್ಲಿ ತಾವು ಬರೆಯದ ಸಾಲೊಂದು ಕಂಡಿತು: ಹಾವೇರಿ ಹತ್ತಿರದ ಗುತ್ತಲಕ್ಕೆ ಹೆರಿಗೆ ಆಸ್ಪತ್ರೆ. ಅದಕ್ಕೆ ಒಂದು ಪೈಸೆಯನ್ನೂ ತೆಗೆದಿಟ್ಟಿರಲಿಲ್ಲ. ಮುಖ್ಯಮಂತ್ರಿಗಳ ಕೋಣೆಗೆ ಓಡಿದರು.

"ಸಾಹೇಬ್ರ, ಇದಕ್ಕ ದುಡ್ಡಿಲ್ಲರಿ. ನಾ ಹೆಂಗ ಓದ್ಲಿ?"

"ನೀವು ಓದಿದ್ರ ಮಂದಿ ನಂಬ್ತಾರ," ಎಂದು ಮುಖ್ಯಮಂತ್ರಿ ನಕ್ಕರು. "ಈಗ ನೀವು ಕೈಬಿಟ್ರ ಬಜೆಟ್ ನಿಲ್ತದ. ಮಾಸ್ತರ ಪಗಾರ, ಮುದುಕರ ಪಿಂಚಣಿ ಎಲ್ಲಾ ನಿಲ್ತದ. ನಡೀರಿ, ಹೊತ್ತಾತು."

ಸದನದ ಗಂಟೆ ಹೊಡೆಯಿತು. ಆನಂದತೀರ್ಥರು ಓದಿದರು.

ವಾರದ ಬಳಿಕ ಅವರು ಇಳಿದಿದ್ದ ಹಾವೇರಿಯ ಪ್ರವಾಸಿ ಮಂದಿರಕ್ಕೆ ಗುತ್ತಲದ ಸುಶೀಲವ್ವ ಬಂದಳು. ಹಿಂದಿನ ವರ್ಷ ಅವಳ ಸೊಸೆ ಹಾವೇರಿಗೆ ಬರುವ ಬಸ್ಸಿನಲ್ಲೇ ಹೆತ್ತಿದ್ದಳು, ಕೂಸು ಉಳಿದಿರಲಿಲ್ಲ. ಈಗ ಮತ್ತೆ ಐದು ತಿಂಗಳು. ಮುದುಕಿ ಮಂತ್ರಿಗಳ ಕಾಲಿಗೆರಗಿದಳು.

"ನಮ್ಮೂರಿಗೆ ದವಾಖಾನಿ ತಂದ್ರಿ ಯಪ್ಪಾ. ಈ ಸಲ ಕೂಸು ಉಳೀತೈತ್ರಿ."

ಸುತ್ತ ಹಾರ ಹಿಡಿದ ಪಕ್ಷದವರು, ಕ್ಯಾಮರಾಗಳು. ಅವರೆದುರು ನಿಜ ಹೇಳುವಂತಿರಲಿಲ್ಲ. ಆದರೆ ಸುಮ್ಮನಿದ್ದರೆ ಈಕೆ ಇಲ್ಲದ ಆಸ್ಪತ್ರೆಯನ್ನೇ ನೆಚ್ಚಿ ಕೂರುತ್ತಾಳೆ. ಅವಳನ್ನು ಒಳಕೋಣೆಗೆ ಕರೆದೊಯ್ದು ಕದ ಹಾಕಿದರು.

"ಅವ್ವಾ, ಅದು ಬರೇ ಕಾಗದದಾಗ ಅದ. ನಂಬಿ ಕೂಡಬ್ಯಾಡ್ರಿ. ಒಂಬತ್ತನೇ ತಿಂಗಳು ಬೀಳೂದ್ರಾಗ ಸೊಸೀನ್ನ ಹಾವೇರ್ಯಾಗ ತಂದಿಡ್ರಿ."

ಸುಶೀಲವ್ವ ಅವರ ಮುಖವನ್ನೇ ನೋಡಿದಳು. "ಮತ್ತ ಟೀವ್ಯಾಗ ಯಾಕ ಹೇಳಿದ್ರಿ?"



ಮರುದಿನವೇ ರಾಜೀನಾಮೆ ಬರೆದುಕೊಟ್ಟರು. ಮುಖ್ಯಮಂತ್ರಿ ಅದನ್ನು ಮಡಚಿ ಮೇಜಿನ ಖಾನೆಗೆ ಹಾಕಿದರು. "ಈಗ ಹೋದ್ರ ಆನಂದತೀರ್ಥರು ರೊಕ್ಕ ಹೊಡದು ಓಡಿದ್ರು ಅಂತಾರ ಮಂದಿ. ಬಜೆಟ್ಟಿನ ಮ್ಯಾಲ ಸಹಿ ನಿಮ್ದ ಅದ."

"ಸುಮ್ನ ಮನೀಗೆ ಬಂದ್ಬಿಡ್ರಿ," ಎಂದು ಮೇಧಾ ಫೋನಿನಲ್ಲಿ ಗೋಗರೆದರು. ಮೂವತ್ತು ವರ್ಷ ಕಾಪಾಡಿಕೊಂಡ ಹೆಸರಿಗೆ ಕಳ್ಳನೆಂಬ ಮಸಿ ಬಳಿಸಿಕೊಳ್ಳುವ ಧೈರ್ಯ ಆನಂದತೀರ್ಥರಿಗೆ ಸಾಲಲಿಲ್ಲ. ಉಳಿದುಕೊಂಡರು.

ಸುಶೀಲವ್ವನ ಸೊಸೆ ಹಾವೇರಿಯಲ್ಲಿ ಸುಸೂತ್ರವಾಗಿ ಹೆಣ್ಣು ಹೆತ್ತಳು. ಆ ಸುದ್ದಿ ಕೇಳಿದ ದಿನ ಆನಂದತೀರ್ಥರು ಎಷ್ಟೋ ತಿಂಗಳ ಮೇಲೆ ಎರಡು ಹೊತ್ತು ಹೊಟ್ಟೆ ತುಂಬ ಉಂಡರು.

ಮುಂದಿನ ಮಾರ್ಚಿನ ಬಜೆಟ್ಟಿನಲ್ಲಿ, ಈ ಸಲವೂ ದುಡ್ಡಿಲ್ಲದೆಯೇ, ಅದೇ ಆಸ್ಪತ್ರೆಯನ್ನು ಮತ್ತೆ ಓದಿದರು. ಆ ಬೇಸಿಗೆಯಲ್ಲಿ ಗುತ್ತಲದ ಜನ ಅವರ ಕಾರಿಗೆ ಅಡ್ಡ ನಿಂತು, "ದವಾಖಾನಿ ಎಲ್ಲೈತ್ರಿ?" ಎಂದು ಕೂಗಿದರು. ಇಳಿದು ಎಲ್ಲ ಹೇಳಿಬಿಡೋಣವೆಂದು ಆನಂದತೀರ್ಥರು ಬಾಗಿಲಿಗೆ ಕೈಹಾಕಿದರು.

"ಇಳೀಬ್ಯಾಡ್ರಿ ಸರ್," ಎಂದು ಬೆಂಗಾವಲಿನ ಪೊಲೀಸಿನವನು ಹೊರಗಿನಿಂದ ಬಾಗಿಲನ್ನು ಒತ್ತಿ ಹಿಡಿದ. ಚಾಲಕ ಗಾಜು ಏರಿಸಿದ. ಕಾರು ಮುಂದೆ ಹೋಯಿತು.